ಉದ್ದದ್ದೋ ಗಿಡ್ಡದ್ದೋ

ಚಂದ್ರಶೇಖರಯ್ಯನವರ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಒಂದೇ ಕಡೆ. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಲ್ಲಬೇಕು. ಮಿಕ್ಕ ಕಡೆಯೆಲ್ಲ ಮಧುಗಿರಿ ಬೆಟ್ಟ ಅಡ್ಡ ಬರುತ್ತಿತ್ತು. ಆ ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅವರು ಆ ಕಲ್ಲಿನ ಮೇಲೆ ನಿಂತು, ಫೋನಿನ ಅಗತ್ಯವೇ ಇಲ್ಲವೇನೋ ಎಂಬಷ್ಟು ಗಟ್ಟಿಯಾಗಿ ಕೂಗಿದರು.

"ಇವತ್ತು ಆಕ್ಷನ್ ತಗೊಂಡೇ ತಗೋತೀನಿ. ಐದು ತಿಂಗಳು ತಡ್ಕೊಂಡಿದ್ದು ಸಾಕು. ಉದ್ದದ್ದಾ ಗಿಡ್ಡದ್ದಾ, ಸಂಜೆಯೊಳಗೆ ಎರಡ್ರಲ್ಲಿ ಒಂದನ್ನ ತೆಗೀತೀನಿ. ಎರಡನ್ನೂ ತೆಗೆಯೋಕೆ ಕಾನೂನು ಬಿಡಲ್ಲ. ಬಿಟ್ಟಿದ್ರೆ ಎರಡನ್ನೂ ತೆಗೀತಿದ್ದೆ."

ಕಲ್ಲಿನಿಂದ ಮೂರಡಿ ದೂರದಲ್ಲಿ ಕಾಂಪೌಂಡ್ ಗೋಡೆ. ಗೋಡೆಯ ಆಚೆ ಬೇವಿನ ಕಡ್ಡಿ ಜಗಿಯುತ್ತ ನಿಂತಿದ್ದವರು ಪಕ್ಕದ ಮನೆಯ ಅಣ್ಣತಮ್ಮಂದಿರು. ಅಣ್ಣ ಪ್ರಭುದೇವ್ ಆರಡಿ ಎರಡಂಗುಲ. ತಮ್ಮ ಅಂಬರೀಶ್‌ಗೆ ಗೋಡೆಯ ಮೇಲಿಂದ ಇಣುಕಬೇಕಾದರೆ ಕಾಲ ಕೆಳಗೆ ಎರಡು ಇಟ್ಟಿಗೆ ಬೇಕು. ಬೀದಿಯವರು ಅವರಿಬ್ಬರನ್ನೂ ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಬ್ಬ ಉದ್ದದೋನು, ಇನ್ನೊಬ್ಬ ಗಿಡ್ಡದೋನು.

ಇಬ್ಬರ ಬಾಯಲ್ಲೂ ಕಡ್ಡಿ ನಿಂತಲ್ಲೇ ನಿಂತಿತು.

ಹೆದರುವುದಕ್ಕೆ ಅವರಿಗೆ ಕಾರಣವೂ ಇತ್ತು. ಆ ಗೋಡೆ ಕಟ್ಟಿಸಿದವರು ಅವರೇ. ಅದು ಚಂದ್ರಶೇಖರಯ್ಯನವರ ಜಾಗದೊಳಕ್ಕೆ ಒಂದೂವರೆ ಅಡಿ ಬಂದು ಕೂತಿತ್ತು. ಅಳತೆ ತಪ್ಪಿ ಬಂದದ್ದಲ್ಲ, ಗೊತ್ತಿದ್ದೇ ಬಂದದ್ದು. ಮೂರು ವರ್ಷದಿಂದ ಆ ಒಂದೂವರೆ ಅಡಿಗಾಗಿ ಎರಡು ಮನೆಗೂ ದಿನಾ ಜಗಳ. ಜಗಳವೆಂದರೆ, ಈ ಕಡೆಯಿಂದ ಚಂದ್ರಶೇಖರಯ್ಯ ಬೈಯುವುದು, ಆ ಕಡೆಯಿಂದ ಅವರಿಬ್ಬರೂ ಕೇಳಿಸದವರಂತೆ ರೇಡಿಯೊ ಜೋರು ಮಾಡುವುದು.

ಚಂದ್ರಶೇಖರಯ್ಯನವರಿಗೆ ಸಿಟ್ಟೆಂದರೆ ಬೇರೆಯವರಿಗೆ ಉಸಿರಿದ್ದಂತೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾಗಿದ್ದು ನಿವೃತ್ತರಾಗಿದ್ದರು. ಹುಡುಗರು ಅವರಿಗೆ ಇಟ್ಟಿದ್ದ ಹೆಸರು ಬ್ಯಾಡಗಿ ಮಾಸ್ಟ್ರು, ಮೆಣಸಿನಕಾಯಿಯಂತೆ ಬಣ್ಣವೂ ಕೆಂಪು ಎಂಬ ಕಾರಣಕ್ಕೆ. ಕಾಫಿ ಬಿಸಿಯಿದ್ದರೆ ಸಿಟ್ಟು, ಆರಿದ್ದರೆ ಸಿಟ್ಟು, ಸರಿಯಾಗಿದ್ದರೆ ದಿನಾ ಯಾಕೆ ಹೀಗೆ ಮಾಡುವುದಿಲ್ಲ ಎಂದು ಸಿಟ್ಟು. ಯಾರಾದರೂ ಒಂದು ಮಾತು ಶುರು ಮಾಡಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಮೊದಲೇ ಗೊತ್ತಾಗಿಬಿಡುತ್ತಿತ್ತು. ಹಾಗಾಗಿ ಅವರು ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಂಡವರಲ್ಲ.

ಆದರೆ ಆ ದಿನ ಅವರು ಫೋನಿನಲ್ಲಿ ಹೇಳಿದ ಮಾತಿಗೂ ಪಕ್ಕದ ಮನೆಯವರಿಗೂ ಸಂಬಂಧವೇ ಇರಲಿಲ್ಲ. ಅವರು ಮಾತಾಡುತ್ತಿದ್ದುದು ಸಿರಾದ ಬಂದೂಕಿನಂಗಡಿಯ ಶಫೀವುಲ್ಲಾ ಜೊತೆ, ರೈಫಲ್ಲಿನ ವಿಷಯ.

ಕೆಲಸದಲ್ಲಿದ್ದಾಗ ಎನ್‌ಸಿಸಿ ಹುಡುಗರ ಜೊತೆ ಗುರಿ ಹೊಡೆಯುತ್ತಿದ್ದ ಚಂದ್ರಶೇಖರಯ್ಯ, ನಿವೃತ್ತರಾದ ಮೇಲೆ ಹಿರಿಯರ ಗುರಿ ಸ್ಪರ್ಧೆಗಳಿಗೆ ಹೋಗತೊಡಗಿದ್ದರು. ನಾಲ್ಕು ವರ್ಷದಿಂದ ಸತತವಾಗಿ ಎರಡನೇ ಸ್ಥಾನ. ತಪ್ಪು ಕೈಯದಲ್ಲ, ಕಣ್ಣಿನದಲ್ಲ, ಬಾಡಿಗೆಗೆ ತಂದ ರೈಫಲ್ಲಿನದು ಎಂದು ಅವರು ತೀರ್ಮಾನಿಸಿದ್ದರು. ತಮ್ಮ ಕೈಗೆ, ತಮ್ಮ ಭುಜಕ್ಕೆ ಸರಿಹೊಂದುವಂಥದ್ದನ್ನು ಬಿಡಿಬಿಡಿಯಾಗಿ ಕೂಡಿಸಿ ಕಟ್ಟಿಸಬೇಕು. ಹಿಂಬದಿಯ ಮರದ ಹಿಡಿಯನ್ನು ಬೀಟೆ ಮರದಲ್ಲಿ ತಾವೇ ಎರಡು ವರ್ಷ ಕೂತು ಕೆತ್ತಿದ್ದರು. ಒಳ್ಳೆಯ ನಳಿಕೆಯನ್ನು ಶಫೀವುಲ್ಲಾ ತರಿಸಿಟ್ಟಿದ್ದ. ಉಳಿದದ್ದು ನಡುವಿನ ಭಾಗ. ಗುಂಡಿನ ತೋಟೆಯನ್ನು ಒಳಗೆ ತಳ್ಳಿ, ಬೀಗ ಬಿದ್ದಂತೆ ಬಿಗಿಮಾಡಿ, ಹಾರಿಸಿದ ಮೇಲೆ ಖಾಲಿ ತೋಟೆಯನ್ನು ಹೊರಕ್ಕೆ ಎಳೆದು ಹಾಕುವ ಉಕ್ಕಿನ ಗೂಡು. ಬಂದೂಕಿನ ಕಸುಬಿನವರು ಅದಕ್ಕೆ ಆಕ್ಷನ್ ಎನ್ನುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅದೇ ಬಂದೂಕು, ನಂಬರು ಹೊಡೆದಿರುವುದು ಅದರ ಮೇಲೆಯೇ.

ಪರವಾನಗಿ ಇದ್ದ ಶಫೀವುಲ್ಲಾ ಅಂಗಡಿಯಲ್ಲಿ ಅಂಥವು ಎರಡಿದ್ದವು. ಎರಡೂ ಕಾರ್ಖಾನೆಯಲ್ಲಿ ತಯಾರಾದವು. ಒಂದು ಉದ್ದದ್ದು, ಹಳೆಯದು. ಅದರ ಕೊಂಡಿ ಎಳೆದರೆ ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ. ಇನ್ನೊಂದು ಗಿಡ್ಡದ್ದು, ಹೊಸದು. ಎಳೆಯಲು ಸ್ವಲ್ಪ ಬಿಗಿ, ಆದರೆ ಕೂತರೆ ಗುಂಡುಕಲ್ಲು. ಉದ್ದದ್ದು ನಯ, ಗಿಡ್ಡದ್ದು ಗಟ್ಟಿ. ಐದು ತಿಂಗಳಿಂದ ಚಂದ್ರಶೇಖರಯ್ಯ ಸೋಮವಾರ ಉದ್ದದ್ದು ಎನ್ನುವುದು, ಗುರುವಾರ ಗಿಡ್ಡದ್ದು ಎನ್ನುವುದು, ಭಾನುವಾರ ಎರಡಕ್ಕೂ ಬೈಯುವುದು. ಹದಿನಾಲ್ಕು ತಿಂಗಳು ಅಲೆದು ಪಡೆದಿದ್ದ ಸರ್ಕಾರಿ ಅನುಮತಿ ಪತ್ರದ ಅವಧಿ ಆ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅಂದು ಶಫೀವುಲ್ಲಾ ಅಂಗಡಿ ಮುಚ್ಚುವುದರೊಳಗೆ ಒಂದನ್ನು ಆರಿಸಿ, ಅದರ ನಂಬರನ್ನು ಪತ್ರದಲ್ಲಿ ಬರೆಸಿ ಮೊಹರು ಹಾಕಿಸದಿದ್ದರೆ, ಮತ್ತೆ ಮೊದಲಿಂದ ಅಲೆಯಬೇಕು.

"ಸಾಬ್, ನಮಾಜ್ ಮುಗಿಸಿ ಎರಡು ಗಂಟೆಗೆ ಅಂಗಡಿ ತೆಗೀತೀನಿ. ಐದಕ್ಕೆ ಬಂದ್. ನಮ್ಮ ಮಗಳು ತರನ್ನುಮ್ ನಿಶ್ಚಿತಾರ್ಥ ಇದೆ, ಹೋಗ್ಲೇಬೇಕು. ನೀವು ಜಲ್ದಿ ಬಂದ್ಬುಡಿ," ಎಂದಿದ್ದ ಶಫೀವುಲ್ಲಾ.

ಚಂದ್ರಶೇಖರಯ್ಯ ಒಂದು ಗಂಟೆಯ ಸಿರಾ ಬಸ್ಸು ಹಿಡಿದರು. ಮರದ ಹಿಡಿಯನ್ನು ಹೆಂಡತಿ ಬಸವಮ್ಮನವರ ಹಳೇ ಸೀರೆಯಲ್ಲಿ ಸುತ್ತಿ ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಸೀರೆ ಸುತ್ತಿದರೂ ಆಕಾರ ಎಲ್ಲಿಗೆ ಹೋಗುತ್ತದೆ. ಪಕ್ಕದ ಸೀಟಿನ ಅಜ್ಜಿ, ಪಾವಗಡದ ಕಡೆಯವಳು, ಅದನ್ನೇ ನೋಡಿದಳು.

"ತುಪಾಕಿನಾ ನಾಯ್ನಾ?"

"ಬಂದೂಕಲ್ಲ, ಮರ ಕಣಮ್ಮ. ಬರೀ ಮರ."

"ಮರಕ್ಕೆ ಯಾಕೆ ಸೀರೆ ಸುತ್ತೀಯಾ?"

"ಚಳಿ ಆಗ್ತದೆ ಅಂತ," ಎಂದರು ಚಂದ್ರಶೇಖರಯ್ಯ ಹಲ್ಲು ಕಡಿದು. ಅಜ್ಜಿ ಎದ್ದು ಹೋಗಿ ಡ್ರೈವರಿನ ಹಿಂದೆ ಕೂತಳು.

ಖಾಲಿಯಾದ ಆ ಜಾಗಕ್ಕೆ ಬಂದು ಕೂತವರು ರೇಣುಕಯ್ಯ. ಚಂದ್ರಶೇಖರಯ್ಯನವರ ಶಾಲೆಯಲ್ಲೇ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಊರಿನಲ್ಲಿ ಯಾರ ಮನೆಯಲ್ಲಿ ಪಾಲು, ಪಂಚಾಯ್ತಿ, ಮುನಿಸು, ರಾಜಿ ನಡೆದರೂ ಕರೆಯದೆ ಹೋಗುತ್ತಿದ್ದರು. ಕೈಚೀಲದಲ್ಲಿ ಸದಾ ಹತ್ತು ಬಿಳಿ ಹಾಳೆ, ಎರಡು ಪೆನ್ನು.

"ಎಲ್ಲಿಗೆ ಹೊರಟ್ರಿ ಮಾಸ್ಟ್ರೇ?"

"ಆಕ್ಷನ್ ತಗೊಳ್ಳೋಕೆ."

ರೇಣುಕಯ್ಯನವರ ಮುಖ ಅರಳಿತು. "ಗೋಡೆ ವಿಷಯನಾ? ನಂಗೊಂದು ಮಾತು ಹೇಳಬಾರ್ದಾ? ರಾಜಿಯಲ್ಲಿ ಮುಗೀತಿತ್ತು."

"ಗೋಡೆ ಅಲ್ರೀ. ರೈಫಲ್ಲಿಂದು."

ರೇಣುಕಯ್ಯನವರ ಮುಖ ಮುಚ್ಚಿಕೊಂಡಿತು. ಸೀರೆಯ ಗಂಟನ್ನು ನೋಡಿದರು, ಚಂದ್ರಶೇಖರಯ್ಯನವರ ಕೆಂಪು ಮುಖ ನೋಡಿದರು. ಮುಂದಿನ ಅರ್ಧ ಗಂಟೆ ಉದ್ದದ್ದರ ಕೊಂಡಿ, ಗಿಡ್ಡದ್ದರ ಬಿಗಿ ಎಲ್ಲವನ್ನೂ ಚಂದ್ರಶೇಖರಯ್ಯ ವಿವರಿಸಿದರು. ಕೊನೆಗೆ ರೇಣುಕಯ್ಯ ಅರ್ಥವಾದವರಂತೆ ತಲೆದೂಗಿ, "ನನ್ನ ಕೇಳಿದ್ರೆ ಮಧ್ಯಮ ಗಾತ್ರದ್ದು ಒಳ್ಳೇದು," ಎಂದರು.

"ಮಧ್ಯಮ ಇಲ್ಲಾರೀ."

"ಇಲ್ಲ ಅಂದ್ರೆ ಹೆಂಗೆ? ಎರಡರ ನಡುವೆ ಒಂದು ಇದ್ದೇ ಇರ್ತದೆ."

ಮುಂದಿನ ಸೀಟಿನವನೂ ತಿರುಗಿ, ತನ್ನ ಮಾವನ ಹತ್ತಿರ ಒಂದು ನಾಡಬಂದೂಕು ಇತ್ತೆಂದೂ, ಉದ್ದ ಇದ್ದಷ್ಟೂ ಒಳ್ಳೆಯದೆಂದೂ ಹೇಳಿದ. ಕಂಡಕ್ಟರು ಟಿಕೆಟ್ ಹರಿಯುತ್ತ, ಗಿಡ್ಡದ್ದಾದರೆ ಬಸ್ಸಿನಲ್ಲಿ ಸಾಗಿಸುವುದು ಸುಲಭ ಎಂದ. ಚಂದ್ರಶೇಖರಯ್ಯನವರ ಸಿಟ್ಟು ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಸಿಡಿಯುತ್ತಿರುವಾಗಲೇ ಬಸ್ಸು ಗಕ್ಕನೆ ನಿಂತಿತು.

ಸಿರಾಕ್ಕೆ ಇನ್ನೂ ಹದಿನೈದು ಕಿಲೋಮೀಟರಿತ್ತು. ರಸ್ತೆ ಪಕ್ಕ ಹುಣಸೆ ಮರದ ಕೆಳಗೆ ಎರಡು ಕೋಣೆಯ ಪೊಲೀಸ್ ಹೊರಠಾಣೆ. ಸಬ್ ಇನ್‌ಸ್ಪೆಕ್ಟರ್ ಲೋಹಿತಾ, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ ಒಳಗೆ ಹತ್ತಿದರು.

"ಇಲ್ಲಿ ಚಂದ್ರಶೇಖರಯ್ಯ ಅಂತ ಯಾರು? ರಿಟೈರ್ಡ್ ಮಾಸ್ಟ್ರು?"

ಇಡೀ ಬಸ್ಸು ಚಂದ್ರಶೇಖರಯ್ಯನವರ ಕಡೆ ತಿರುಗಿತು, ಅಷ್ಟೇ ಸಾಕಾಯಿತು.

"ಸಾರ್, ಸ್ವಲ್ಪ ಕೆಳಗೆ ಇಳೀತೀರಾ. ನಿಮ್ಮ ವಿಷಯವಾಗಿ ಒಂದು ಕಾಲ್ ಬಂದಿದೆ."

"ಗೊತ್ತು ಬುಡಮ್ಮ," ಎಂದರು ಚಂದ್ರಶೇಖರಯ್ಯ. "ಯಾರು ಮಾಡವ್ರೆ ಅಂತನೂ ಗೊತ್ತು. ಪಕ್ಕದ ಮನೆಯ ಆ ಉದ್ದದೋನು, ಗಿಡ್ಡದೋನು ತಾನೇ?"

"ಅವರ ವಿಷಯಾನೇ ಸಾರ್, ಆದ್ರೆ..."

"ಆದ್ರೆ ಗೀದ್ರೆ ಏನಿಲ್ಲ. ನಾನು ಯಾರಿಗೂ ಹೆದರೋನಲ್ಲ."

ಇಳಿದರು. ಬಗಲಲ್ಲಿ ಸೀರೆ ಸುತ್ತಿದ ಹಿಡಿ. ಅವರ ಹಿಂದೆಯೇ, ಟಿಕೆಟ್ಟು ಸಿರಾದವರೆಗಿದ್ದರೂ, ರೇಣುಕಯ್ಯ ಇಳಿದರು. ಬಸ್ಸು ಹೊರಟುಹೋಯಿತು. ಲೋಹಿತಾ ಇಬ್ಬರನ್ನೂ ಒಳಗಿನ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು. "ನೀವು ಇಲ್ಲೇ ಇರಿ ಸಾರ್. ನಾನು ಹೇಳೋವರೆಗೂ ಹೊರಗೆ ಬರಬೇಡಿ. ಗಾಬರಿ ಏನಿಲ್ಲ, ವಿಷಯ ಏನಂದ್ರೆ..."

"ವಿಷಯ ನಾನು ಹೇಳ್ತೀನಿ ಕೇಳಮ್ಮ." ಚಂದ್ರಶೇಖರಯ್ಯ ಸೀರೆ ಬಿಚ್ಚಿ ಮರದ ಹಿಡಿಯನ್ನು ಮೇಜಿನ ಮೇಲಿಟ್ಟರು. ಅನುಮತಿ ಪತ್ರ ತೆಗೆದರು. ಆಕ್ಷನ್ ಎಂದರೇನು, ಉದ್ದದ್ದು ಏನು, ಗಿಡ್ಡದ್ದು ಏನು, ಎಲ್ಲವನ್ನೂ ತರಗತಿಗೆ ಪಾಠ ಹೇಳುವಂತೆ ಹೇಳಿದರು. ಲೋಹಿತಾ ಮೂರು ಸಲ ಬಾಯಿ ತೆರೆದು ಮೂರು ಸಲವೂ ಮುಚ್ಚಿದರು. ನಾಲ್ಕನೆಯ ಸಲ ತೆರೆಯುವಷ್ಟರಲ್ಲಿ ವೈರ್‌ಲೆಸ್ ಕಿರುಚಿತು. ನಾಲ್ಕು ಕಿಲೋಮೀಟರ್ ಮುಂದೆ ಕಡಲೆಕಾಯಿ ತುಂಬಿದ ಲಾರಿ ಮಗುಚಿಕೊಂಡು ಅರ್ಧ ರಸ್ತೆ ಬಂದಾಗಿತ್ತು.

ಲೋಹಿತಾ ಟೋಪಿ ಎತ್ತಿಕೊಂಡು ಹೊರಬಂದಾಗ ಒಂದು ಬೈಕು ಬಂದು ಅಂಗಳದಲ್ಲಿ ನಿಂತಿತು. ಮುಂದೆ ಅಂಬರೀಶ್, ಹಿಂದೆ ಪ್ರಭುದೇವ್. ಪ್ರಭುದೇವನ ಕೈಯಲ್ಲಿ ನಾಲ್ಕಡಿಯ ಹಾರೆಕೋಲು. ಲೋಹಿತಾ ಹಾರೆಯನ್ನು ಕಿತ್ತು ಗೋಡೆಗೆ ಒರಗಿಸಿ, ಇಬ್ಬರನ್ನೂ ಹೊರಗಿನ ಜಗಲಿಯ ಬೆಂಚಿನ ಮೇಲೆ ಕೂರಿಸಿದರು. ಕಾನ್‌ಸ್ಟೇಬಲ್ ಪ್ರಸನ್ನ ಕುಮಾರನಿಗೆ, "ನಾನು ಬರೋವರೆಗೂ ಇವರನ್ನ ಬಿಡಬೇಡ," ಎಂದು ಹೇಳಿ ಜೀಪು ಹತ್ತಿದರು.

ಯಾರನ್ನು ಬಿಡಬಾರದು ಎಂದು ಪ್ರಸನ್ನ ಕುಮಾರ ಯೋಚಿಸಿದ. ಜಗಲಿಯ ಮೇಲೆ ಕೈಕಟ್ಟಿ ಕೂತ ಇಬ್ಬರು ಕುರಿಮರಿಗಳಂತಿದ್ದರು. ಒಳಗೆ ಬಂದೂಕಿನ ಹಿಡಿ ಮುಂದಿಟ್ಟುಕೊಂಡು ಒಬ್ಬರು ಬುಸುಗುಡುತ್ತಿದ್ದರು. ಅವನು ಸ್ಟೂಲು ತಂದು ಒಳಕೋಣೆಯ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತ.

ಕಿಟಕಿಯಿಂದ ಅಣ್ಣತಮ್ಮಂದಿರನ್ನು ಕಂಡ ಚಂದ್ರಶೇಖರಯ್ಯನವರಿಗೆ ಮೈಯೆಲ್ಲ ಉರಿಯಿತು. "ನೋಡ್ರೀ, ದೂರು ಕೊಟ್ಟಿದ್ದಲ್ದೆ ತಮಾಸೆ ನೋಡೋಕೆ ಬೇರೆ ಬಂದವ್ರೆ. ಬುಡಪ್ಪ ಕಾನ್‌ಸ್ಟೇಬಲ್ಲು, ಇವರ ಮುಖಕ್ಕೆ ಎರಡು ಮಾತು ಹೇಳಿ ಬರ್ತೀನಿ."

"ಮೇಡಂ ಬರೋವರೆಗೂ ಆಗಲ್ಲ ಸಾರ್."

"ನಾನು ಐದರೊಳಗೆ ಸಿರಾದಲ್ಲಿ ಇರಬೇಕು ಕಣಯ್ಯ."

"ಆಗಲ್ಲ ಸಾರ್."

ಎರಡೂವರೆಯಾಯಿತು, ಮೂರಾಯಿತು. ಸಿರಾ ಕಡೆಯ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು. ಶಫೀವುಲ್ಲಾ ಫೋನು ಮಾಡಿ, "ಎಲ್ಲಿದ್ದೀರಾ ಸಾಬ್, ಎರಡೂ ಒರೆಸಿ ಮೇಜಿನ ಮೇಲಿಟ್ಟಿದ್ದೀನಿ," ಎಂದ. ಚಂದ್ರಶೇಖರಯ್ಯ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಡ್ರಿಲ್ ಮಾಡತೊಡಗಿದರು.

ರೇಣುಕಯ್ಯ ಇಂಥ ಗಳಿಗೆಗಾಗಿಯೇ ಕಾದಿದ್ದವರಂತೆ ಗಂಟಲು ಸರಿಮಾಡಿಕೊಂಡರು. "ನಾನು ಹೇಳೋದು ಕೇಳಿ. ದೂರು ಕೊಟ್ಟೋರು ವಾಪಸ್ ತಗೊಂಡ್ರೆ ಮುಗೀತು. ಆಯಮ್ಮ ಬಂದ ತಕ್ಷಣ ರಾಜಿ ಪತ್ರ ಕೈಗಿಟ್ರೆ, ನೀವು ನಾಲ್ಕೂವರೆಗೆ ಸಿರಾದಲ್ಲಿರ್ತೀರಾ. ನಾನು ಮಾತಾಡ್ತೀನಿ, ನೀವು ಬಾಯಿ ಬಿಡಬೇಡಿ."

"ಅವ್ರು ಸುಮ್ಕೆ ವಾಪಸ್ ತಗೋತಾರೇನ್ರೀ?"

"ಏನಾದ್ರೂ ಸ್ವಲ್ಪ ಬಿಟ್ಟುಕೊಡಬೇಕಾಗ್ತದೆ."

ಏನು ಬಿಟ್ಟುಕೊಡಬೇಕು ಎಂದು ಇಬ್ಬರಿಗೂ ಗೊತ್ತಿತ್ತು. ಚಂದ್ರಶೇಖರಯ್ಯ ಅನುಮತಿ ಪತ್ರ ನೋಡಿದರು. ಹದಿನಾಲ್ಕು ತಿಂಗಳು ಕಚೇರಿಯ ಬೆಂಚು ಸವೆಸಿ ತಂದದ್ದು. ಬೀಟೆ ಮರದ ಹಿಡಿಯ ಮೇಲೆ ಕೈಯಾಡಿಸಿದರು. ನಾಲ್ಕು ವರ್ಷದ ಎರಡನೇ ಸ್ಥಾನ ನೆನಪಾಯಿತು.

"ಅರ್ಧ ಅಡಿ," ಎಂದರು. "ಅದಕ್ಕಿಂತ ಒಂದಂಗುಲ ಜಾಸ್ತಿ ಇಲ್ಲ."

ರೇಣುಕಯ್ಯ ಜಗಲಿಗೆ ಹೋದರು. "ಮಾಸ್ಟ್ರು ಜಾಗದಲ್ಲಿ ಅರ್ಧ ಅಡಿ ನಿಮಗೇ ಬುಟ್ಟುಕೊಡ್ತಾರಂತೆ. ಏನಂತೀರಾ?"

ಪ್ರಭುದೇವ್ ಅಂಬರೀಶನ ಮುಖ ನೋಡಿದ. ಅಂಬರೀಶ್ ಪ್ರಭುದೇವನ ಮುಖ ನೋಡಿದ.

ರೇಣುಕಯ್ಯ ಒಳಗೆ ಬಂದರು. "ತುಟಿ ಪಿಟಕ್ ಅನ್ತಾ ಇಲ್ಲ. ಗಟ್ಟಿ ಕುಳಗಳು."

"ಒಂದಡಿ," ಎಂದರು ಚಂದ್ರಶೇಖರಯ್ಯ. ಕುತ್ತಿಗೆಯ ನರ ಹಗ್ಗದಂತೆ ಎದ್ದಿತ್ತು.

ಒಂದಡಿ ಎಂದು ಕೇಳಿದಾಗ ಅಂಬರೀಶನಿಗೆ ಕೆಮ್ಮು ಬಂತು. ಪ್ರಭುದೇವ್ ಅವನ ಬೆನ್ನು ತಟ್ಟುತ್ತ ನೆಲ ನೋಡಿದ. ರೇಣುಕಯ್ಯ ತಿರುಗಿ ಬಂದು, "ಒಂದಡಿಗೂ ಜಗ್ಗಲ್ಲ. ಒಬ್ಬ ಕೆಮ್ತಾನೆ, ಇನ್ನೊಬ್ಬ ನೆಲ ನೋಡ್ತಾನೆ," ಎಂದರು.

ಮತ್ತೆ ಫೋನು. "ಸಾಬ್, ಮೂರೂವರೆ ಆಯ್ತು. ಉದ್ದದ್ದಕ್ಕೆ ಇನ್ನೊಬ್ಬರು ಗಿರಾಕಿ ಬಂದು ಕೂತಿದ್ದಾರೆ. ಏನು ಹೇಳಲಿ?"

"ಇರಕ್ಕೆ ಹೇಳು. ಬಂದೆ ಅನ್ನು," ಎಂದು ಫೋನು ಕುಕ್ಕಿ, ಚಂದ್ರಶೇಖರಯ್ಯ ರೇಣುಕಯ್ಯನವರ ಕಡೆ ತಿರುಗಿದರು. "ಪೂರ್ತಿ ತಗೊಂಡು ಹಾಳಾಗೋಗ್ಲಿ. ಒಂದೂವರೆ ಅಡೀನೂ ಅವರಿಗೇ. ಬರೀರಿ."

ರೇಣುಕಯ್ಯ ಚೀಲದಿಂದ ಬಿಳಿ ಹಾಳೆ ತೆಗೆದು, ಮೇಲೆ ಶ್ರೀ ಬರೆದು, ಆರಂಭಿಸಿದರು. ಅವರ ಬರವಣಿಗೆ ಮುತ್ತು ಪೋಣಿಸಿದಂತೆ, ವೇಗವೂ ಮುತ್ತು ಪೋಣಿಸಿದಂತೆಯೇ. "ನಾನು ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತನಾಗಿ, ಸ್ವಸಂತೋಷದಿಂದ..." ಎಂದು ಓದಿದಾಗ ಚಂದ್ರಶೇಖರಯ್ಯ ಮೇಜು ಗುದ್ದಿದರು. ಪೆನ್ನು ಜಾರಿ ಹಾಳೆ ಕೆಟ್ಟಿತು. ರೇಣುಕಯ್ಯ ಎರಡನೇ ಹಾಳೆ ತೆಗೆದರು.

"ಆ ಸ್ವಸಂತೋಷ ಬೇಡ ಕಣ್ರೀ."

"ಅದಿಲ್ದೆ ಪತ್ರ ಆಗಲ್ಲ. ಅದು ನಮೂನೆ."

ಸಹಿ ಹಾಕುವಾಗ ಪೆನ್ನು ಹಾಳೆಯನ್ನು ತೂತು ಮಾಡಿ ಮೇಜಿನ ಮೇಲೂ ಅರ್ಧ ಸಹಿ ಮೂಡಿಸಿತು. ಅಣ್ಣತಮ್ಮಂದಿರು ತಾವೂ ಸಹಿ ಹಾಕಿದರು. ಪ್ರಸನ್ನ ಕುಮಾರ ಸಾಕ್ಷಿ ಹಾಕಿದ. ಪತ್ರವನ್ನು ಪ್ರಭುದೇವ್ ನಾಲ್ಕು ಮಡಿಕೆ ಮಾಡಿ ಬನಿಯನ್ನಿನೊಳಗೆ ಇಟ್ಟುಕೊಂಡ. ಹಾರೆಕೋಲು ಎತ್ತಿಕೊಂಡು, "ಬರ್ತೀವಿ ಮಾಸ್ಟ್ರೇ, ನಿಮ್ಮ ಮನಸ್ಸು ದೊಡ್ಡದು," ಎಂದು ಕಿಟಕಿಯಿಂದಲೇ ಕೈಮುಗಿದು, ಇಬ್ಬರೂ ಬೈಕು ಹತ್ತಿ ಮಧುಗಿರಿಯ ಕಡೆ ಹೊರಟುಹೋದರು.

ನಾಲ್ಕೂ ಹತ್ತಕ್ಕೆ ಲೋಹಿತಾ ಬಂದರು. ಬೂಟಿನ ತುಂಬ ಕಡಲೆಕಾಯಿ ಸಿಪ್ಪೆ. ಖಾಲಿ ಬೆಂಚು ನೋಡಿ, "ಆ ಇಬ್ಬರು ಎಲ್ಲಿ?" ಎಂದರು.

"ರಾಜಿ ಆಯ್ತು ಮೇಡಂ. ಹೋದ್ರು," ಎಂದ ಪ್ರಸನ್ನ ಕುಮಾರ.

"ಏನು ರಾಜಿ?"

ರೇಣುಕಯ್ಯ ಮುಂದೆ ಬಂದು, ಒಂದೂವರೆ ಅಡಿಯ ಕಥೆಯನ್ನು ಹೆಮ್ಮೆಯಿಂದ ಹೇಳಿದರು. ಲೋಹಿತಾ ಕೇಳಿಸಿಕೊಂಡು ನಿಧಾನವಾಗಿ ಕುರ್ಚಿಯಲ್ಲಿ ಕೂತರು.

"ಸಾರ್, ನಿಮ್ಮ ಮೇಲೆ ಯಾರೂ ದೂರು ಕೊಟ್ಟೇ ಇಲ್ಲ."

"ಮತ್ತೆ ಆ ಕಾಲು?"

"ಕಾಲ್ ಮಾಡಿದ್ದು ಬಸವಮ್ಮ ಅಂತ. ನಿಮ್ಮ ಮನೆಯವರು. ಪಕ್ಕದ ಮನೆ ಇಬ್ಬರು ಹಾರೆಕೋಲು ಹಿಡ್ಕೊಂಡು ಬಂದು, ಮಾಸ್ಟ್ರು ಯಾವ ಬಸ್ಸಿಗೆ ಹೋದ್ರು ಅಂತ ಕೇಳಿ ಬೈಕಲ್ಲಿ ಹಿಂದೆ ಬಿದ್ದವ್ರೆ, ನಮ್ಮ ಯಜಮಾನ್ರನ್ನ ಕಾಪಾಡಿ ಅಂತ. ನಾನು ಬಸ್ಸು ನಿಲ್ಲಿಸಿದ್ದು ನಿಮ್ಮ ರಕ್ಷಣೆಗೆ ಸಾರ್. ಕೂರಿಸಿದ್ದು ಅದಕ್ಕೇ. ಪ್ರಸನ್ನನಿಗೆ ಬಿಡಬೇಡ ಅಂದಿದ್ದು ಅವರನ್ನ. ನಿಮಗೆ ಹೇಳೋಕೆ ಎಷ್ಟು ಸಲ ಬಾಯಿ ತೆಗೆದೆ, ನೀವು ಬಿಟ್ರಾ?"

ಚಂದ್ರಶೇಖರಯ್ಯ ಪ್ರಸನ್ನ ಕುಮಾರನನ್ನು ನೋಡಿದರು. ಅವನು ಸ್ಟೂಲನ್ನು ಎತ್ತಿಕೊಂಡು ಹೊರಗೆ ಹೋದ. ರೇಣುಕಯ್ಯನವರನ್ನು ನೋಡಿದರು. ಅವರು ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು. ಬೈಯಲು ಬಾಯಿ ತೆರೆದರೆ ಮೊದಲು ಯಾರನ್ನು ಬೈಯಬೇಕು ಎಂದೇ ತೋಚಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಸಿರಾ ಬಸ್ಸು ಬಂತು. ನಾಲ್ಕೂ ಇಪ್ಪತ್ತು. ಈಗ ಹತ್ತಿದರೆ ನಾಲ್ಕು ಮುಕ್ಕಾಲಿಗೆ ಅಂಗಡಿ. ಜಾಗ ಹೋದರೆ ಹೋಯಿತು, ರೈಫಲ್ಲಾದರೂ ಉಳಿಯಲಿ. ಹಿಡಿಯನ್ನು ಬಗಲಿಗೆ ಏರಿಸಿ ಓಡಿದರು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದಾರೆ, ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬಸವಮ್ಮ.

"ಹುಷಾರಾಗಿದ್ದೀರಾ? ಅವರು ಏನೂ ಮಾಡಲಿಲ್ಲ ತಾನೇ? ಆವಾಗಿಂದ ಫೋನ್ ಮಾಡೋಕೆ ಒಗೆಯೋ ಕಲ್ಲು ಹತ್ತೋಕೇ ಆಗ್ಲಿಲ್ಲ ಕಣ್ರೀ, ಇಟ್ಟಿಗೆ ಬೀಳ್ತಿತ್ತು."

"ಎಂಥ ಇಟ್ಟಿಗೆ?"

"ಗೋಡೇದು. ಒಡೆದಾಕ್ತಾ ಅವ್ರೆ. ಗಾರೆ ಕೆಲಸದ ದೊಡ್ಡಹನುಮಯ್ಯನ್ನ ಕರ್ಸಿ, ಜಾಗ ಮಾಸ್ಟ್ರದ್ದು, ಒಂದೂವರೆ ಅಡಿ ಹಿಂದಕ್ಕೆ ಕಟ್ಟು ಅಂದ್ರಂತೆ. ಬೆಳಿಗ್ಗೆ ನೀವು ಕೂಗಿದ್ದು ಕೇಳಿ ಬೆದರೋಗವ್ರೆ ಪಾಪ. ನಿಮ್ಮ ಕಾಲು ಹಿಡಿಯೋಕೆ ಬಸ್ಸಿನ ಹಿಂದೆ ಓಡಿದ್ದಂತೆ, ಗಾಬರೀಲಿ ಕೈಲಿದ್ದ ಹಾರೆ ಕೆಳಗಿಡೋದೂ ಮರೆತು. ನಾನು ಸುಮ್ನೆ ಪೊಲೀಸ್ನೋರಿಗೆ ಹೇಳ್ಬುಟ್ಟೆ."

ಕಂಡಕ್ಟರು, "ಹತ್ತೋದಾದ್ರೆ ಹತ್ತಿ ಯಜಮಾನ್ರೇ, ಇಲ್ಲಾ ಇಳೀರಿ," ಎಂದ.

ಹದಿನಾಲ್ಕು ತಿಂಗಳ ಅನುಮತಿ ಮುಂದಿತ್ತು, ಮೂರು ವರ್ಷದ ಜಗಳ ಹಿಂದಿತ್ತು. ಸಮಾಧಾನದ ಮನುಷ್ಯ ಮುಂದಕ್ಕೆ ಹೋಗುತ್ತಿದ್ದ. ಚಂದ್ರಶೇಖರಯ್ಯ ಕಾಲು ಕೆಳಗಿಳಿಸಿ, ರಸ್ತೆ ದಾಟಿ, ಎದುರಿನಿಂದ ಬಂದ ಮಧುಗಿರಿ ಬಸ್ಸಿಗೆ ಕೈ ಅಡ್ಡ ಹಿಡಿದರು. ಆ ಪತ್ರವನ್ನು ಪ್ರಭುದೇವನ ಬನಿಯನ್ನಿನೊಳಗಿನಿಂದ ಎಳೆದು, ಎದುರಿಗೇ ಹರಿದು ಹಾಕದಿದ್ದರೆ ಅವರಿಗೆ ಆ ರಾತ್ರಿ ಅನ್ನ ಇಳಿಯುತ್ತಿರಲಿಲ್ಲ.

ಬೈಕಿನ ಮುಂದೆ ಬಸ್ಸು ಎಲ್ಲಿಯ ಮಾತು. ದಾರಿಯುದ್ದಕ್ಕೂ ಕೈಯೆತ್ತಿದವರಿಗೆಲ್ಲ ಬಸ್ಸು ನಿಂತಿತು. ಒಂದು ಕಡೆ ಕುರಿಮಂದೆ ದಾಟಿತು. ಐದು ಗಂಟೆಗೆ ಶಫೀವುಲ್ಲಾ ಕೊನೆಯ ಸಲ ಫೋನು ಮಾಡಿದ.

"ಸಾಬ್, ಅಂಗಡಿ ಬಾಗಿಲು ಎಳೀತಾ ಇದ್ದೀನಿ. ಉದ್ದದ್ದು ಆ ಗಿರಾಕೀನೇ ತಗೊಂಡ್ಹೋದ್ರು. ಗಿಡ್ಡದ್ದು ನಿಮಗೆ ಅಂತ ಇಟ್ಟಿದ್ದೆ, ಆದ್ರೆ ನಾಳೆ ನಿಮ್ಮ ಕಾಗದ ನಡೆಯಲ್ಲ. ಹೊಸ ಅರ್ಜಿ ಹಾಕಿ. ಹದಿನಾಲ್ಕು ತಿಂಗಳು ತಾನೇ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಆಗೋಗ್ತದೆ."

ಚಂದ್ರಶೇಖರಯ್ಯ ಫೋನು ಜೇಬಿಗಿಟ್ಟರು.

ಮನೆ ಸೇರಿದಾಗ ಐದೂ ಮುಕ್ಕಾಲು. ನೇರ ಹಿತ್ತಿಲಿಗೆ ಹೋದರು. ಹಳೆಯ ಗೋಡೆ ಬುಡದವರೆಗೂ ನೆಲಸಮವಾಗಿತ್ತು. ಆದರೆ ಹೊಸ ಗೋಡೆ ಒಂದೂವರೆ ಅಡಿ ಹಿಂದಕ್ಕೆ ಹೋಗಿರಲಿಲ್ಲ. ಹಳೆಯ ಬುಡದ ಮೇಲೆಯೇ ದೊಡ್ಡಹನುಮಯ್ಯ ಮತ್ತೆ ಇಟ್ಟಿಗೆ ಜೋಡಿಸುತ್ತಿದ್ದ. ಎರಡು ವರಸೆ ಎದ್ದಾಗಿತ್ತು.

"ಇದೇನಯ್ಯ ಇದು?"

"ಏನ್ ಮಾಡ್ಲಿ ಸಾಮಿ. ಮಧ್ಯಾನ ಒಡಿ ಅಂದ್ರು, ಒಡೆದೆ. ನಾಲ್ಕು ಗಂಟೆ ಮೇಲೆ ದಾರೀಲಿಂದ ಫೋನ್ ಮಾಡಿ, ಇದ್ದಲ್ಲೇ ಕಟ್ಟು, ಮಾಸ್ಟ್ರು ಬರೆದುಕೊಟ್ಟವ್ರೆ ಅಂದ್ರು. ಕಟ್ತಾ ಇದ್ದೀನಿ."

"ಎಲ್ಲಿ ಅವರಿಬ್ರು? ಆ ಪತ್ರ ಎಲ್ಲಿ?"

"ಬಂದಿದ್ರು. ಪತ್ರಕ್ಕೆ ಪ್ಲಾಸ್ಟಿಕ್ ಹಾಕಿಸ್ಕೊಂಡು ಬರ್ತೀವಿ ಅಂತ ಬಸ್ ಸ್ಟ್ಯಾಂಡಿನ ಹತ್ರ ಜೆರಾಕ್ಸ್ ಅಂಗಡಿಗೆ ಹೋದ್ರು. ನಾಲ್ಕು ಜೆರಾಕ್ಸು ತಗೋತಾರಂತೆ. ರೇಣುಕಯ್ಯ ಮೇಷ್ಟ್ರ ಅಕ್ಷರ ಏನು ಚೆಂದ ಅಂತ ಹೊಗಳ್ತಿದ್ರು."

ಬಸವಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗಂಡನ ಮುಖ ನೋಡಿ, ಕಾಫಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ದೊಡ್ಡಹನುಮಯ್ಯ ಮೂಲೆಯಿಂದ ದಾರ ಎಳೆದು, ಇನ್ನೊಂದು ತುದಿಗೆ ಮೊಳೆ ಸಿಗದೆ ಅತ್ತಿತ್ತ ನೋಡಿದ.

"ಸಾಮಿ, ಒಂಚೂರು ಈ ತುದಿ ಹಿಡ್ಕೊಂತೀರಾ? ಕತ್ತಲಾಗೋದ್ರೊಳಗೆ ಇನ್ನೊಂದು ವರಸೆ ಎಬ್ಬಿಸ್ಬುಡ್ತೀನಿ."

ಚಂದ್ರಶೇಖರಯ್ಯ ಅವನನ್ನು ನುಂಗುವಂತೆ ನೋಡಿದರು. ಆಮೇಲೆ ದಾರವನ್ನು ನೋಡಿದರು. ಮೂವತ್ತೊಂದು ವರ್ಷ ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಿದ ಕಣ್ಣು ಅದು.

"ಸೊಟ್ಟಗೈತಲ್ಲಯ್ಯ," ಎಂದು ಗುಡುಗಿ, ಮರದ ಹಿಡಿಯನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಬಗ್ಗಿ ದಾರದ ತುದಿಯನ್ನು ಹಿಡಿದು ಎಳೆದರು. ಅವರ ಮುಖ ಕೆಂಡದಂತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು, ಬಾಯಲ್ಲಿ ಇಡೀ ಊರಿಗೆ ಬೈಗುಳವಿತ್ತು. ದಾರ ಮಾತ್ರ ಕೂದಲೆಳೆಯಷ್ಟೂ ಅಲುಗದೆ ನೆಟ್ಟಗಿತ್ತು.